ಇಂಗಳದಾಳದ ತಾಮ್ರ

ಕಳೆದ ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಸಂಘದ ವಾಚನಾಲಯಕ್ಕೆ ಒಬ್ಬ ಹುಡುಗ ಬಂದ. ಕಾಲೇಜಿನ ಮೊದಲ ವರ್ಷದವನು. ಹಿರಿಯರು ದಾವಣಗೆರೆಯ ಕಡೆಯವರು, ಮನೆ ಮಾಲಾಡಿನಲ್ಲಿ. ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ನಿಂಬೆಹಣ್ಣಿನ ಗಾತ್ರದ ತಿಳಿಹಸಿರು ಕಲ್ಲು, ದ್ರಾಕ್ಷಿ ಗೊಂಚಲಿನಂತೆ ಉಬ್ಬು ಉಬ್ಬಾಗಿ ನೋಡಲು ಬಹು ಚೆಂದ. “ಅಂಕಲ್, ಹಳೇ ಕ್ವಾರಿ ಹತ್ತಿರ ಸಿಕ್ತು. ಇದರಲ್ಲಿ ತಾಮ್ರ ಇದೆಯಾ?” ಎಂದು ಕೇಳಿದ. ತಾಮ್ರದ ಚೆಂಬಿಗೆ ಹುಳಿ ತಗುಲಿದರೆ ಹಸಿರು ಕಿಲುಬು ಕಟ್ಟುವುದನ್ನು ಮನೆಯಲ್ಲಿ ನೋಡಿದ್ದಾನೆ. ಹಸಿರು ಎಂದರೆ ತಾಮ್ರ ಎಂದು ಊಹಿಸಿದ್ದಾನೆ. ಊಹೆಯೇನೂ ತಪ್ಪಲ್ಲ. ಅದಿರು ಹುಡುಕುವವರು ಸಾವಿರಾರು ವರ್ಷಗಳಿಂದ ಮಾಡುತ್ತ ಬಂದದ್ದೂ ಅದನ್ನೇ.

ಆದರೆ ಅದು ತಾಮ್ರವಲ್ಲ. ಚೂರಿಯ ಮೊನೆಯಿಂದ ಗೀರಿ ತೋರಿಸಿದೆ. ಕಲ್ಲಿನ ಮೇಲೆ ಗೆರೆ ಮೂಡಲಿಲ್ಲ. ತಾಮ್ರದ ಹಸಿರು ಅದಿರಾದ ಮ್ಯಾಲಕೈಟ್ ಆಗಿದ್ದರೆ ಚೂರಿಗೆ ಸುಲಭವಾಗಿ ಸೋಲುತ್ತಿತ್ತು, ಒಂದು ತೊಟ್ಟು ಆಮ್ಲ ಬಿಟ್ಟರೆ ಬುಸುಬುಸು ನೊರೆಯೇಳುತ್ತಿತ್ತು. ಅವನು ತಂದದ್ದು ಪ್ರಿಹ್ನೈಟ್ ಎಂಬ ಖನಿಜ. ಮುಂಬಯಿಯ ಕಪ್ಪುಕಲ್ಲಿನ ಪೊಟರೆಗಳಲ್ಲಿ ಬೆಳೆಯುವಂಥದು. ಅದರ ಹಸಿರಿಗೆ ಕಾರಣ ಅದರೊಳಗಿನ ಒಂದಿಷ್ಟು ಕಬ್ಬಿಣ. ಹುಡುಗನ ಮುಖ ಸಪ್ಪಗಾಯಿತು. “ಹಾಗಾದರೆ ನಮ್ಮ ಊರ ಕಡೆ ತಾಮ್ರ ಸಿಗತ್ತಾ?” ಎಂದ. ಸಿಗುತ್ತದೆ, ನೀನು ಊರಿಗೆ ಹೋದಾಗಲೆಲ್ಲ ಅದರ ಹತ್ತಿರಕ್ಕೆ ಹೋಗಿ ಬರುತ್ತೀಯ ಎಂದೆ. ಅವನಿಗೆ ಅಂದು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮುಂಬಯಿಯಿಂದ ಸಂಜೆ ಹೊರಟ ಬೆಂಗಳೂರಿನ ಬಸ್ಸು ದಾವಣಗೆರೆ ದಾಟಿ ಮುಂದೆ ಹೋದರೆ ಮರುದಿನ ಚಿತ್ರದುರ್ಗದ ಬಂಡೆಗಳು ಕಾಣಿಸುತ್ತವೆ. ನಾವು ಕಿಟಕಿಯಿಂದ ಕೋಟೆಯನ್ನು ನೋಡುತ್ತೇವೆ, ಮಕ್ಕಳಿಗೆ ಮದಕರಿ ನಾಯಕನ ಕಥೆ ಹೇಳುತ್ತೇವೆ, ಓಬವ್ವನ ಒನಕೆಯ ಕಥೆ ಹೇಳುತ್ತೇವೆ. ಅಷ್ಟರಲ್ಲಿ ಊರು ಹಿಂದೆ ಬೀಳುತ್ತದೆ. ಪಟ್ಟಣದಿಂದ ಆಗ್ನೇಯಕ್ಕೆ ಕೆಲವೇ ಮೈಲಿ ದೂರದ ಗುಡ್ಡಸಾಲಿನಲ್ಲಿ ಇಂಗಳದಾಳ ಎಂಬ ಹಳ್ಳಿಯಿದೆ. ಕರ್ನಾಟಕದಲ್ಲಿ ತಾಮ್ರದ ಗಣಿ ಎಂದು ಹೇಳಿಕೊಳ್ಳಬಹುದಾದ ಬೆರಳೆಣಿಕೆಯ ಜಾಗಗಳಲ್ಲಿ ಮುಖ್ಯವಾದುದು ಅದೇ. ಹಳಗನ್ನಡದಲ್ಲಿ ‘ಇಂಗಳ’ ಎಂದರೆ ಕೆಂಡ. ತಾಮ್ರ ಕರಗಿಸುವ ಕುಲುಮೆಯ ಕೆಂಡದಿಂದಲೇ ಊರಿಗೆ ಈ ಹೆಸರು ಬಂತು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಇಂಗಳ ಎಂಬ ಮುಳ್ಳುಮರವೂ ಆ ಬಯಲುಸೀಮೆಯಲ್ಲಿ ಉಂಟು. ಊರ ಹೆಸರುಗಳನ್ನು ನಂಬಿ ಚರಿತ್ರೆ ಬರೆಯಹೊರಟವರು ಹಳ್ಳಕ್ಕೆ ಬಿದ್ದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಅದನ್ನು ಅಲ್ಲಿಗೇ ಬಿಡುತ್ತೇನೆ.

ಮುಂಬಯಿಯ ನಮಗೆ ಈ ಜಾಗದ ಶಿಲೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ನಮ್ಮ ಕಾಲಡಿಯಲ್ಲಿ ಇರುವುದೂ ಅದೇ ಕುಲದ ಕಲ್ಲು. ಅಂಧೇರಿಯ ಗಿಲ್ಬರ್ಟ್ ಗುಡ್ಡವನ್ನು ನೋಡಿದವರು ಅಲ್ಲಿ ಸುಮಾರು ೬೦ ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿರುವ ಕಂಬಗಳನ್ನು ಬಲ್ಲರು. ಭೂಮಿಯೊಳಗಿಂದ ಬಂದ ಶಿಲಾರಸ ಆರಿ ಬಿರಿತು ಹಾಗೆ ಕಂಬಕಂಬವಾಗಿದೆ. ವಸ್ತುಸಂಗ್ರಹಾಲಯದ ದೊಡ್ಡ ಕಟ್ಟಡಕ್ಕೆ ಹಾಕಿರುವ ಕುರ್ಲಾದ ಬೂದುಬಣ್ಣದ ಕಲ್ಲೂ ಇಂಥದೇ ಬಸಾಲ್ಟು. ಇವು ಸುಮಾರು ಆರು ಕೋಟಿ ವರ್ಷ ಹಿಂದಿನವು. ಇಂಗಳದಾಳದ ಕಲ್ಲೂ ಒಂದು ಕಾಲಕ್ಕೆ ಹೀಗೆಯೇ ಹರಿದ ಬಸಾಲ್ಟ್ ರಸ. ವಯಸ್ಸು ಮಾತ್ರ ಸುಮಾರು ೨೬೦–೨೭೦ ಕೋಟಿ ವರ್ಷ. ನಮ್ಮ ಮುಂಬಯಿಯ ಕಲ್ಲು ಅದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು.

ಆ ರಸ ಹರಿದದ್ದು ನೀರಿನ ಅಡಿಯಲ್ಲಿ. ಇದಕ್ಕೆ ಸಾಕ್ಷಿ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿದೆ. ಕಾದ ಶಿಲಾರಸ ಸಮುದ್ರದ ತಣ್ಣೀರಿಗೆ ಸಿಕ್ಕಾಗ ಹೊರಗಿನ ಸಿಪ್ಪೆ ತಕ್ಷಣ ಗಟ್ಟಿಯಾಗಿ, ಒಳಗಿನ ರಸ ಉಬ್ಬಿ, ತಲೆದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ರಾಶಿಯಾಗುತ್ತದೆ. ಮರಡಿಹಳ್ಳಿಯ ಆ ದಿಂಬುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಕೋಟೆಗೆ ಹೋಗುವವರಲ್ಲಿ ನೂರಕ್ಕೊಬ್ಬರೂ ಅಲ್ಲಿಗೆ ಹೋಗುವುದಿಲ್ಲ. ಬಯಲಿನ ಮಧ್ಯೆ ದಿಂಬುಕಲ್ಲಿನ ಮೇಲೆ ಕೂತು, ಇಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂದು ಯೋಚಿಸುವುದು ವಿಚಿತ್ರವಾದ ಅನುಭವ.

ಈ ಶಿಲೆಗಳ ಪಟ್ಟಿ ಶ್ರೀರಂಗಪಟ್ಟಣದ ಕಡೆಯಿಂದ ಹೊರಟು, ಚಿತ್ರದುರ್ಗವನ್ನು ಹಾದು, ಗದಗಿನ ಕಪ್ಪತಗುಡ್ಡದವರೆಗೆ ಹಬ್ಬಿದೆ. ಇದೂ ಇದರ ಜೊತೆಯ ಇತರ ಪಟ್ಟಿಗಳೂ ಕೂಡಿ ‘ಧಾರವಾಡ’ ಶಿಲಾವರ್ಗ. ಈ ಹೆಸರನ್ನು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. ೧೮೬೩ರಲ್ಲಿ ಮದ್ರಾಸಿನ ಬಳಿ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದವರೂ ಅವರೇ. ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಯಾದರೂ ಇಂದು ಧಾರವಾಡ ಎಂಬ ಹೆಸರನ್ನು ಬಲ್ಲ. ಅವನು ಪೇಢೆ ತಿಂದಿರುತ್ತಾನೆಯೇ ಎಂಬುದು ಬೇರೆ ಮಾತು.

ಇನ್ನು ತಾಮ್ರ. ಕಲ್ಲಿನಲ್ಲಿ ಅದು ಬಂದು ಕೂಡುವುದು ಹೇಗೆ? ಸಾಮಾನ್ಯವಾದ ಬಸಾಲ್ಟಿನಲ್ಲಿ ತಾಮ್ರ ಇದ್ದೇ ಇರುತ್ತದೆ, ಆದರೆ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ. ಗಣಿ ತೋಡಬೇಕಾದರೆ ಅದರ ನೂರು ಪಟ್ಟು ಬೇಕು. ಚದುರಿದ್ದನ್ನು ಒಟ್ಟುಗೂಡಿಸುವ ಕೂಲಿಯಾಳು ಬಿಸಿನೀರು. ಭೂಮಿಯ ಆಳದಲ್ಲಿ ಉಪ್ಪು ಗಂಧಕಗಳಿಂದ ಕೂಡಿದ ಕುದಿನೀರು ಕಲ್ಲಿನ ಬಿರುಕುಗಳಲ್ಲಿ ಹರಿಯುತ್ತ ಲೋಹವನ್ನು ಕರಗಿಸಿ ಹೊತ್ತು ತರುತ್ತದೆ. ತಣ್ಣಗಾದಲ್ಲಿ, ಇಲ್ಲವೇ ತನಗೆ ಒಗ್ಗದ ಕಲ್ಲು ಎದುರಾದಲ್ಲಿ ಹೊರೆಯನ್ನು ಇಳಿಸಿಬಿಡುತ್ತದೆ.

ಹೀಗೆ ಎದುರಾಗುವ ಕಲ್ಲು ಸುಣ್ಣಕಲ್ಲಾದರೆ ಆಗುವುದಕ್ಕೆ ‘ಸ್ಕಾರ್ನ್’ ಎಂದು ಹೆಸರು. ಸ್ವೀಡನ್ನಿನ ಗಣಿಯಾಳುಗಳು ಅದಿರಿನ ಜೊತೆ ಬರುವ ಕೆಲಸಕ್ಕೆ ಬಾರದ ಕಲ್ಲಿಗೆ, ಅಂದರೆ ಕಸಕ್ಕೆ, ಈ ಮಾತನ್ನು ಬಳಸುತ್ತಿದ್ದರು. ಪೆರ್ಸ್‌ಬರ್ಗ್ ಎಂಬ ಗಣಿಯನ್ನು ಅಭ್ಯಸಿಸಿದ ಟೋರ್ನೆಬೋಮ್ ೧೮೭೫ರಲ್ಲಿ ಅದನ್ನು ಶಾಸ್ತ್ರದ ಪುಸ್ತಕಕ್ಕೆ ತಂದರು. ಕೆಳಗಿನಿಂದ ಗ್ರಾನೈಟಿನಂಥ ಕಾದ ರಸ ಮೇಲೆದ್ದು ಸುಣ್ಣಕಲ್ಲಿಗೆ ತಾಗಿದಾಗ ಸುಣ್ಣಕಲ್ಲಿನ ಅಂಗಾರಾಮ್ಲ ಹೊರಟುಹೋಗಿ, ಗಾರ್ನೆಟ್ ಪೈರಾಕ್ಸೀನ್ ಮುಂತಾದ ಖನಿಜಗಳು ಹುಟ್ಟಿ, ಅವುಗಳ ಸಂದಿಯಲ್ಲಿ ತಾಮ್ರ, ಕಬ್ಬಿಣ, ಕೆಲವೊಮ್ಮೆ ಚಿನ್ನವೂ ಬಂದು ಕೂರುತ್ತದೆ. ಇಂಥ ತಾಣಗಳು ಹೆಚ್ಚಾಗಿ ಸಣ್ಣವು. ಕಂಡೂ ಕಾಣದಂತೆ ಮೂಲೆಯಲ್ಲಿ ಬಿದ್ದಿರುವಂಥವು. ಅಪವಾದವೂ ಉಂಟು. ನ್ಯೂಗಿನಿಯ ಹಿಮಪರ್ವತಗಳಲ್ಲಿ ೧೯೩೬ರಲ್ಲಿ ಡೋಜಿ ಎಂಬ ಡಚ್ ಭೂವಿಜ್ಞಾನಿ ಹುಲ್ಲುಗಾವಲಿನ ಮಧ್ಯೆ ಎದ್ದು ನಿಂತ ಒಂದು ಕರಿಯ ದಿಣ್ಣೆಯನ್ನು ಕಂಡು ಎರ್ಟ್ಸ್‌ಬರ್ಗ್, ಅಂದರೆ ಅದಿರುಗುಡ್ಡ, ಎಂದು ಹೆಸರಿಟ್ಟ. ಅವನ ವರದಿ ೧೯೩೯ರಲ್ಲಿ ಲೈಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಯುದ್ಧ ಶುರುವಾಯಿತು. ವರದಿ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಧೂಳು ತಿಂದಿತು. ೧೯೫೯ರಲ್ಲಿ ಯಾರೋ ಅದನ್ನು ತೆರೆದು ಓದಿದ್ದರಿಂದ ಮುಂದೆ ಅಲ್ಲಿ ಜಗತ್ತಿನ ಭಾರಿ ತಾಮ್ರದ ಗಣಿಗಳೇ ಎದ್ದವು. ವಾಚನಾಲಯಗಳಿಗೆ ಚಂದಾ ಕೊಡಲು ಹಿಂದೆಮುಂದೆ ನೋಡುವವರು ಈ ಕಥೆಯನ್ನು ನೆನಪಿಡಬೇಕು.

ಇಂಗಳದಾಳದ್ದು ಸ್ಕಾರ್ನ್ ಅಲ್ಲ. ಅಲ್ಲಿ ತಾಮ್ರಕ್ಕೆ ಆಸರೆ ಕೊಟ್ಟದ್ದು ಸುಣ್ಣಕಲ್ಲಲ್ಲ, ಒತ್ತಡಕ್ಕೆ ಸಿಕ್ಕಿ ನುಗ್ಗಾಗಿ ಹಸಿರು ತಿರುಗಿದ ಹಳೆಯ ಲಾವಾ. ಅದರ ಸೀಳುಗಳಲ್ಲಿ ಬೆಣಚುಕಲ್ಲಿನ ಎಳೆಗಳೂ ಅವುಗಳ ಜೊತೆ ಹಿತ್ತಾಳೆಯ ಬಣ್ಣದ ಚಾಲ್ಕೊಪೈರೈಟ್ ಎಂಬ ಅದಿರೂ ಇದೆ. ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ ಖನಿಜ ಇದು. ಪಕ್ಕದಲ್ಲೇ ಪೈರೈಟ್ ಹೇರಳವಾಗಿ ಉಂಟು. ಹೊಸಬರು ಅದನ್ನು ಚಿನ್ನವೆಂದು ಭ್ರಮಿಸುವುದೂ ಉಂಟು.

ಈ ತಾಮ್ರ ಎಂದು ಬಂತು ಎಂಬುದರ ಮೇಲೆ ಪಂಡಿತರಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಸಮುದ್ರದಡಿಯಲ್ಲಿ ಲಾವಾ ಹರಿಯುತ್ತಿದ್ದಾಗಲೇ ಬಿಸಿನೀರಿನ ಬುಗ್ಗೆಗಳು ಅದನ್ನು ತಂದು ಸುರಿದವು ಎಂಬುದು ಒಂದು ಪಕ್ಷ. ಲಾವಾ ಕಲ್ಲಾಗಿ, ಮಡಿಕೆಬಿದ್ದು, ಸೀಳಿದ ಎಷ್ಟೋ ಕಾಲದ ಮೇಲೆ ಆ ಸೀಳುಗಳನ್ನು ಹಿಡಿದು ಬಂತು ಎಂಬುದು ಇನ್ನೊಂದು ಪಕ್ಷ. ಮೊದಲು ಬಂದದ್ದೇ ಆಮೇಲೆ ಜಾಗ ಬದಲಿಸಿತು ಎನ್ನುವ ಮಧ್ಯಸ್ಥರೂ ಇದ್ದಾರೆ. ೧೯೭೯ರಲ್ಲಿ ಮುಖರ್ಜಿ ಮತ್ತು ಫಿಲಿಪ್ ಎಂಬಿಬ್ಬರು ಇಂಗಳದಾಳದ ಅದಿರಿನಲ್ಲೂ ಸುತ್ತಲಿನ ಕಲ್ಲಿನಲ್ಲೂ ಇರುವ ತಾಮ್ರ, ಕೋಬಾಲ್ಟ್, ನಿಕ್ಕಲ್‌ಗಳನ್ನು ಅಳೆದು ಹೋಲಿಸಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಇದೆಲ್ಲ ಪಂಡಿತರ ಕಾಲಹರಣ ಎಂದು ಯಾರಾದರೂ ಹೇಳಿಯಾರು. ಹಾಗಲ್ಲ. ಮೊದಲ ಪಕ್ಷ ಸರಿಯಾದರೆ ಮುಂದಿನ ಅದಿರನ್ನು ಲಾವಾದ ಪದರಗಳ ಸಾಲು ಹಿಡಿದು ಹುಡುಕಬೇಕು. ಎರಡನೆಯದು ಸರಿಯಾದರೆ ಸೀಳಿನ ಜಾಡು ಹಿಡಿಯಬೇಕು. ಡ್ರಿಲ್ಲಿನ ಬಾಯಿ ಎಲ್ಲಿ ಇಡಬೇಕು ಎಂಬುದು ಇದರ ಮೇಲೆಯೇ ನಿಂತಿದೆ, ಮತ್ತು ಡ್ರಿಲ್ ಇಳಿಯುವ ಒಂದೊಂದು ಮೀಟರಿಗೂ ಸರ್ಕಾರದ ಬೊಕ್ಕಸದಿಂದ ಹಣ ಇಳಿಯುತ್ತದೆ.

ಇಂಗಳದಾಳದ ತಾಮ್ರವನ್ನು ಮೊದಲು ಕಂಡವರು ಈ ಪಂಡಿತರು ಯಾರೂ ಅಲ್ಲ. ಗುಡ್ಡದ ಮೇಲೆ ಹಳೆಯ ತೋಡುಗುಂಡಿಗಳಿದ್ದವು. ಹೆಸರಿಲ್ಲದ ಜನ ಎಂದೋ ಹಸಿರು ಕಲೆಗಳನ್ನು ಕಂಡು, ಆ ನಮ್ಮ ಮಾಲಾಡಿನ ಹುಡುಗನಂತೆಯೇ ಊಹೆಮಾಡಿ, ಉಳಿ ಸುತ್ತಿಗೆ ಬೆಂಕಿಗಳಿಂದ ಕಲ್ಲನ್ನು ಒಡೆದಿದ್ದರು. ಅರಸೀಕೆರೆ ತಾಲೂಕಿನ ಕಲ್ಯಾಡಿಯಲ್ಲೂ ಇಂಥ ಹಳೆಯ ತೋಡುಗಳಿವೆ. ಕರ್ನಾಟಕದ ಅದಿರಿನ ತಾಣಗಳಲ್ಲಿ ಆಧುನಿಕರು ನಿಜವಾಗಿ ಹೊಸದಾಗಿ ಕಂಡುಹಿಡಿದದ್ದು ಕಡಮೆ. ಹಳಬರು ಬಿಟ್ಟುಹೋದ ಗುಂಡಿಯ ಬಾಯಿಗೆ ಬಂದು ನಿಂತು ಒಳಗೆ ಇಣಿಕಿದ್ದೇ ಹೆಚ್ಚು.

ಆ ಹಳಬರು ಯಾವ ಕಾಲದವರು? ಹಟ್ಟಿಯ ಚಿನ್ನದ ಗಣಿಯ ಹಳೆಯ ಸುರಂಗದಲ್ಲಿ ಮರದ ಆಸರೆಗಳು ಸಿಕ್ಕವು. ಕಾರ್ಬನ್ ವಿಧಾನದಿಂದ ಅವು ಸುಮಾರು ೨೦೦೦ ವರ್ಷ ಹಿಂದಿನವೆಂದು ತಿಳಿಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರ ದಶಕದಲ್ಲಿ ಇಂಥ ಕಾಲನಿರ್ಣಯದ ಪ್ರಯೋಗಶಾಲೆ ಇತ್ತು. ಹಾವೇರಿ ಸೀಮೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅಗೆದು ತೆಗೆದ ಇದ್ದಿಲಿನ ಕಾಲವನ್ನು ನಿರ್ಣಯಿಸಿ, ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಕ್ರಿಸ್ತಪೂರ್ವ ಸಾವಿರ ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ ಎಂದು ತೋರಿಸಿದ್ದು ಆ ಪ್ರಯೋಗಶಾಲೆಯೇ. ಕನ್ನಡ ನಾಡಿನ ಪ್ರಾಚೀನತೆಯ ಲೆಕ್ಕ ಹೀಗೆ ಮುಂಬಯಿಯ ಸಮುದ್ರತೀರದಲ್ಲಿ ಕುಳಿತು ಮಾಡಿದ್ದು.

ತಾಮ್ರದ ಬಳಕೆಯಂತೂ ಅದಕ್ಕಿಂತ ಹಿಂದಿನದು. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ದೊರೆತಿವೆ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಉತ್ಖನನದಲ್ಲಿ ತಾಮ್ರದ ವಸ್ತುಗಳು ಸಿಕ್ಕವು. ಚಿತ್ರದುರ್ಗ ಜಿಲ್ಲೆಯದೇ ಆದ ಬ್ರಹ್ಮಗಿರಿಯಲ್ಲಿ, ೧೮೯೨ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನವನ್ನು ಕಂಡ ಜಾಗದಲ್ಲಿ, ೧೯೪೭ರಲ್ಲಿ ವೀಲರ್ ಅಗೆದಾಗ ನವಶಿಲಾಯುಗದ ಪದರದಲ್ಲಿಯೇ ಒಂದಿಷ್ಟು ತಾಮ್ರ ಕಂಚುಗಳು ಬಂದವು. ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಗೂ ಅನಂತರ ವೀಲರ್ ಅವರಿಗೂ ಸಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ರೋಮಿನವರೆಗೆ ವ್ಯಾಪಾರ ಬೆಳೆಸಿದ ಪಟ್ಟಣದ ಜನ ಪಕ್ಕದ ಗುಡ್ಡದ ತಾಮ್ರವನ್ನು ಬಿಟ್ಟಿರಲಾರರು ಎಂದು ನನಗೆ ತೋರುತ್ತದೆ. ಇದು ನನ್ನ ಅನಿಸಿಕೆ ಮಾತ್ರ. ಗುಂಡಿಗಳು ತಮ್ಮ ಮೇಲೆ ಶಾಸನ ಕೆತ್ತಿಕೊಂಡಿರುವುದಿಲ್ಲ.

ಹಾಗಾದರೆ ಈ ಕೆಲಸ ನಿಂತದ್ದೇಕೆ? ೧೭೭೯ರಲ್ಲಿ ಹೈದರನು ಚಿತ್ರದುರ್ಗವನ್ನು ಗೆದ್ದ. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಒಂದು ಟಂಕಸಾಲೆಯೇ ಇತ್ತು. ಊರಿಗೆ ಅವನು ಇಟ್ಟ ಹೊಸ ಹೆಸರು ಫರ್ರುಖ್‌ಯಾಬ್ ಹಿಸಾರ್ ಎಂದು ಅಚ್ಚೊತ್ತಿದ ಆನೆಯ ಚಿತ್ರದ ತಾಮ್ರದ ಕಾಸುಗಳು ನಾಣ್ಯಸಂಗ್ರಾಹಕರ ಬಳಿ ಇವೆ. ಆ ಹೊತ್ತಿಗೆ ದಕ್ಷಿಣ ಭಾರತದ ಬಂದರುಗಳಿಗೆ ಹೊರಗಿನ ತಾಮ್ರ ಹಡಗುಗಟ್ಟಲೆ ಬರುತ್ತಿತ್ತು. ಮೊದಲು ಡಚ್ಚರು ಜಪಾನಿನಿಂದ ತರುತ್ತಿದ್ದರು. ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನದನ್ನು ತಂದು ಸುರಿಯಿತು. ೧೭೯೧ರ ಇಸವಿ ಹೊತ್ತ ಮುಂಬಯಿ ಇಲಾಖೆಯ ತಾಮ್ರದ ಕಾಸುಗಳು ಮುಂಬಯಿಯಲ್ಲಿ ಅಚ್ಚಾದವಲ್ಲ. ಬರ್ಮಿಂಗ್‌ಹ್ಯಾಮಿನ ಬಳಿ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರಗಳು ಅವನ್ನು ಅಚ್ಚುಹಾಕಿ ಹಡಗಿಗೆ ತುಂಬಿದವು. ವೇಲ್ಸಿನ ಪ್ಯಾರಿಸ್ ಗುಡ್ಡದಂಥ ಕಡೆ ಬಯಲುಗಣಿಯಲ್ಲಿ ಬಾಚಿ ತೆಗೆದ ತಾಮ್ರದ ಎದುರು, ಗುಡ್ಡದ ಸಂದಿಯಿಂದ ಬುಟ್ಟಿಯಲ್ಲಿ ಅದಿರು ಹೊತ್ತು ತಂದು ಇದ್ದಿಲಿನಲ್ಲಿ ಕರಗಿಸುವ ನಮ್ಮವನು ಎಷ್ಟು ದಿನ ನಿಲ್ಲಬಲ್ಲ? ಮಗ್ಗದವನಿಗೆ ಆದ ಗತಿಯೇ ಕುಲುಮೆಯವನಿಗೂ ಆಯಿತು. ಮಗ್ಗದ ಕಥೆಯನ್ನು ಎಲ್ಲರೂ ಬರೆದಿದ್ದಾರೆ, ಕುಲುಮೆಯ ಕಥೆಯನ್ನು ಬರೆದವರು ಕಡಮೆ.

ಮುಂಬಯಿಯ ಪಾಯಧೂನಿಯ ಹತ್ತಿರ ತಾಂಬಾ ಕಾಂಟಾ ಎಂಬ ಓಣಿ ಇದೆ. ಕಾಂಟಾ ಎಂದರೆ ತಕ್ಕಡಿ. ಹಿಂದೆ ನಮ್ಮ ಹೆಣ್ಣುಮಕ್ಕಳು ಊರಿನಿಂದ ತಂದ ಹಂಡೆ ಕೊಡಗಳನ್ನು ಕೋಣೆಯಲ್ಲಿ ಜಾಗ ಸಾಲದೆ ಇಂಥ ಬೀದಿಗಳಲ್ಲಿ ತೂಕಕ್ಕೆ ಹಾಕಿ ಅಲ್ಯೂಮಿನಿಯಮ್ ಪಾತ್ರೆ ತಂದದ್ದುಂಟು. ನಮ್ಮ ಮನೆಯ ಹಂಡೆಯೂ ಹಾಗೇ ಹೋಯಿತು. ಅದರ ತಾಮ್ರ ಜಪಾನಿನದೋ ವೇಲ್ಸಿನದೋ ಚಿತ್ರದುರ್ಗದ್ದೋ, ತಕ್ಕಡಿಗೆ ಎಲ್ಲ ಒಂದೇ.

ಹೊಸ ಕಾಲದ ಶೋಧನೆಗೆ ಬರೋಣ. ೧೮೯೪ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಒಂದು ದೇಶೀ ಸಂಸ್ಥಾನ ಅಂಥ ಕೆಲಸಕ್ಕೆ ಕೈಹಾಕಿದ್ದು ಆ ಕಾಲಕ್ಕೆ ದೊಡ್ಡ ಮಾತು. ಅದರ ಮೊದಲ ಭೂವಿಜ್ಞಾನಿ ಆಗಿ ಬಂದವರು ನಿವೃತ್ತರಾಗಿದ್ದ ಅದೇ ಬ್ರೂಸ್ ಫೂಟ್. ಮುಂದೆ ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ ಸೇರಿ ೧೯೧೬ರಲ್ಲಿ ಮೈಸೂರಿನ ಖನಿಜ ಸಂಪತ್ತನ್ನು ಕುರಿತು ಬರೆದ ಗ್ರಂಥ ಬಹುಕಾಲ ಆಧಾರವಾಗಿ ಉಳಿಯಿತು. ಆದರೆ ಎಲ್ಲರ ಕಣ್ಣೂ ಇದ್ದದ್ದು ಕೋಲಾರದ ಚಿನ್ನದ ಮೇಲೆ. ತಾಮ್ರದ ಸಣ್ಣ ತಾಣಗಳ ಹೆಸರು ವರದಿಗಳಲ್ಲಿ ಬರುತ್ತಿತ್ತು, ಹೋಗುತ್ತಿತ್ತು.

ಸ್ವಾತಂತ್ರ್ಯ ಬಂದಮೇಲೆ ಲೆಕ್ಕ ಬದಲಾಯಿತು. ವಿದ್ಯುತ್ತಿನ ತಂತಿಗೆ, ಮೋಟಾರಿಗೆ, ಟೆಲಿಫೋನಿಗೆ ತಾಮ್ರ ಬೇಕು. ತರಿಸಿಕೊಳ್ಳಲು ವಿದೇಶೀ ವಿನಿಮಯ ಇಲ್ಲ. ದೇಶದಲ್ಲಿ ಕೆಲಸಮಾಡುತ್ತಿದ್ದ ದೊಡ್ಡ ತಾಮ್ರದ ಗಣಿ ಎಂದರೆ ಬಿಹಾರದ ಘಾಟ್‌ಶಿಲಾದ ಕಡೆಯದೊಂದೇ. ಆಗ ಚಿಕ್ಕ ತಾಣಗಳಿಗೂ ಬೆಲೆ ಬಂತು. ಮೈಸೂರು ರಾಜ್ಯದ ಇಲಾಖೆಯ ನಿರ್ದೇಶಕರಾಗಿ ೧೯೬೫ರಿಂದ ೧೯೭೪ರವರೆಗೆ ಇದ್ದವರು ಡಾ. ಬಿ. ಪಿ. ರಾಧಾಕೃಷ್ಣ. ಅವರ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ೧೯೫೮ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಅವರೊಬ್ಬರು, ಅದರ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು, ಕನ್ನಡದಲ್ಲೂ ಬರೆದರು, ೨೦೧೨ರಲ್ಲಿ ತೀರಿಕೊಂಡರು. ನಾಡಿನ ಗುಡ್ಡಗಳಲ್ಲಿ ಏನಿದೆ ಎಂಬುದನ್ನು ನಾಡಿನವರೇ ಅಳೆಯಬೇಕು, ಅಳೆದದ್ದನ್ನು ಕೆಲಸಕ್ಕೂ ತರಬೇಕು ಎಂಬ ಹಟ ಆ ತಲೆಮಾರಿನದು.

ಅಳೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ಓದುಗರು ಊಹಿಸಿಕೊಳ್ಳಬೇಕು. ಮೊದಲು ಗುಡ್ಡವನ್ನೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ ನಕ್ಷೆ ಬರೆಯಬೇಕು. ಗಂಧಕದ ಅದಿರು ಮಳೆಗಾಳಿಗೆ ಸಿಕ್ಕಿದ ಕಡೆ ನೆಲದ ಮೇಲೆ ತುಕ್ಕುಬಣ್ಣದ ಜಾಳುಕಲ್ಲು ಟೊಪ್ಪಿಗೆಯಂತೆ ಕೂತಿರುತ್ತದೆ, ಅದನ್ನು ಗುರುತಿಸಬೇಕು. ಸಾಲುಸಾಲಾಗಿ ಮಣ್ಣಿನ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳಿಸಿ, ತಾಮ್ರದ ಅಂಶ ಎಲ್ಲಿ ಏರುತ್ತದೆ ನೋಡಬೇಕು. ನೆಲದಲ್ಲಿ ಹುದುಗಿದ ಅದಿರು ಬ್ಯಾಟರಿಯಂತೆ ತಾನೇ ಕಿಂಚಿತ್ತು ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದನ್ನೂ ಉಪಕರಣದಿಂದ ಅಳೆಯುತ್ತಾರೆ. ಕೊನೆಗೆ ವಜ್ರದ ಹರಳು ಕೂರಿಸಿದ ಡ್ರಿಲ್ಲನ್ನು ಓರೆಯಾಗಿ ಇಳಿಸಿ, ಉದ್ದನೆಯ ಕಲ್ಲಿನ ಕಡ್ಡಿಗಳನ್ನು ಹೊರತೆಗೆದು, ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಿ, ಎಷ್ಟು ಆಳದಲ್ಲಿ ಏನು ಬಂತೆಂದು ಬರೆಯುತ್ತಾರೆ. ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲಿನಲ್ಲಿ ಡೇರೆ ಹಾಕಿಕೊಂಡು, ಡ್ರಿಲ್ಲಿಗೆ ಬೇಕಾದ ನೀರನ್ನೂ ದೂರದಿಂದ ತರಿಸಿಕೊಂಡು ಮಾಡುವ ಕೆಲಸ ಇದು. ತಿಂಗಳುಗಟ್ಟಲೆ ಕೊರೆದು ಏನೂ ಸಿಗದೆ ಡೇರೆ ಕಿತ್ತವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಇಂಗಳದಾಳದಲ್ಲಿ ಸಿಕ್ಕಿತು. ಆದರೆ ಎಷ್ಟು? ನೂರು ಟನ್ ಕಲ್ಲು ಒಡೆದರೆ ಒಂದು ಟನ್ ತಾಮ್ರ, ಒಳ್ಳೆಯ ಕಡೆ ಅದಕ್ಕಿಂತ ಸ್ವಲ್ಪ ಹೆಚ್ಚು. ಅದಿರಿನ ಎಳೆಗಳೂ ತೆಳು. ಈ ಲೆಕ್ಕವನ್ನು ಇಟ್ಟುಕೊಂಡೇ ರಾಜ್ಯ ಸರ್ಕಾರದ ಆಶ್ರಯದಲ್ಲಿ ಚಿತ್ರದುರ್ಗ ತಾಮ್ರ ಕಂಪನಿ ಹುಟ್ಟಿಕೊಂಡಿತು. ಗುಡ್ಡದಲ್ಲಿ ಗಣಿಯೂ ಅದರ ಬಳಿ ಅದಿರನ್ನು ಸಾಂದ್ರಗೊಳಿಸುವ ಗಿರಣಿಯೂ ಎದ್ದವು. ಆ ಗಿರಣಿಯ ಕೆಲಸ ನಮ್ಮ ಹೆಂಗಸರಿಗೆ ಹೇಳದೆಯೇ ಅರ್ಥವಾಗುವಂಥದು. ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿಗೆ ಕಲಸಿ, ಎಣ್ಣೆಯ ಜಾತಿಯ ದ್ರವ್ಯಗಳನ್ನು ಬೆರೆಸಿ, ಗಾಳಿಯೂದಿ ಕಡೆಯುತ್ತಾರೆ. ಅದಿರಿನ ಕಣಗಳು ನೊರೆಗೆ ಅಂಟಿಕೊಂಡು ಬೆಣ್ಣೆಯಂತೆ ಮೇಲೆ ತೇಲುತ್ತವೆ, ಕಲ್ಲಿನ ಪುಡಿ ಮಜ್ಜಿಗೆಯಂತೆ ಕೆಳಗೆ ಉಳಿಯುತ್ತದೆ. ನೊರೆಯನ್ನು ಕೆನೆ ತೆಗೆದಂತೆ ತೆಗೆದು ಒಣಗಿಸಿದರೆ ನೂರಕ್ಕೆ ಇಪ್ಪತ್ತರಷ್ಟು ತಾಮ್ರವಿರುವ ಪುಡಿ ಬರುತ್ತದೆ.

ಬೆಣ್ಣೆ ಬಂತು, ಕಾಯಿಸಿ ತುಪ್ಪಮಾಡಲು ಒಲೆ ಇಲ್ಲ. ಕರ್ನಾಟಕದಲ್ಲಿ ತಾಮ್ರ ಕರಗಿಸುವ ದೊಡ್ಡ ಕುಲುಮೆ ಇರಲಿಲ್ಲ. ದೇಶದ ಕುಲುಮೆಗಳು ಇದ್ದದ್ದು ಘಾಟ್‌ಶಿಲಾದಲ್ಲಿ, ಆಮೇಲೆ ರಾಜಸ್ಥಾನದ ಖೇತ್ರಿಯಲ್ಲಿ. ಎರಡೂ ನಂತರ ಹಿಂದೂಸ್ತಾನ್ ಕಾಪರ್ ಎಂಬ ಕೇಂದ್ರ ಸರ್ಕಾರದ ಕಂಪನಿಯ ಕೈಯಲ್ಲಿ. ಇಷ್ಟು ದೂರದ ಕುಲುಮೆಗೆ ಪುಡಿಯನ್ನು ಸಾಗಿಸುವುದೆಂದರೆ, ತಾಮ್ರಕ್ಕೆ ಕೊಡುವ ಬಾಡಿಗೆಯ ಜೊತೆ ಅದರೊಳಗಿನ ಕಬ್ಬಿಣಕ್ಕೂ ಗಂಧಕಕ್ಕೂ ಬಾಡಿಗೆ ಕೊಟ್ಟಂತೆ. ಒಂದು ಕುಲುಮೆ ಕಟ್ಟೋಣವೆಂದರೆ ಇಂಗಳದಾಳದ ಅದಿರು ಅದರ ಹೊಟ್ಟೆಗೆ ಸಾಲದು. ಸಣ್ಣ ಗಣಿಗಳ ಸಂಕಟವೇ ಇದು. ಬೆಲೆಯ ಆಟ ಬೇರೆ. ಲಂಡನ್ ಪೇಟೆಯಲ್ಲಿ ೧೯೭೪ರ ಏಪ್ರಿಲಿನಲ್ಲಿ ತಾಮ್ರದ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು; ವರ್ಷ ಮುಗಿಯುವುದರೊಳಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಚಿತ್ರದುರ್ಗದ ಗುಡ್ಡದೊಳಗೆ ಬೆವರು ಸುರಿಸುವವನ ಕೂಲಿಯನ್ನು ಲಂಡನ್ನಿನ ಒಂದು ಕೋಣೆಯಲ್ಲಿ ಕೂಗುವ ದರ ನಿರ್ಧರಿಸುತ್ತದೆ ಎಂದರೆ ನಮಗೆ ವಿಚಿತ್ರವಾಗಿ ಕಾಣಬಹುದು. ಹತ್ತಿಯ ಪೇಟೆಯನ್ನು ಬಲ್ಲ ಹಳೆಯ ಮುಂಬಯಿಯವರಿಗೆ ಕಾಣದು.

ತಾಮ್ರ ಕಂಪನಿ ಕೊನೆಗೆ ಹಟ್ಟಿ ಚಿನ್ನದ ಗಣಿ ಕಂಪನಿಯಲ್ಲಿ ವಿಲೀನವಾಯಿತು. ೧೯೪೭ರಲ್ಲಿ ನಿಜಾಮನ ಸೀಮೆಯಲ್ಲಿ ಹೈದರಾಬಾದ್ ಚಿನ್ನದ ಗಣಿಯೆಂದು ಹುಟ್ಟಿ, ಏಕೀಕರಣದ ನಂತರ ಕನ್ನಡ ನಾಡಿನದಾದ ಕಂಪನಿ ಅದು. ಅದು ಕಲ್ಯಾಡಿಯ ತಾಮ್ರವನ್ನೂ ತೆಗೆಯಿತು. ಸುರಪುರ ಸೀಮೆಯಲ್ಲಿ, ಮೌನೇಶ್ವರನ ಕ್ಷೇತ್ರವಾದ ಕೃಷ್ಣೆಯ ದಂಡೆಯ ತಿಂಥಣಿಯ ತಾಮ್ರವನ್ನೂ ಪರೀಕ್ಷಿಸಿತು. ಚಿನ್ನದಲ್ಲಿ ಬಂದದ್ದು ತಾಮ್ರದಲ್ಲಿ ಕರಗುತ್ತಿತ್ತು ಎಂದು ಒಬ್ಬ ಹಳಬರು ನನಗೆ ನಗುತ್ತ ಹೇಳಿದ್ದರು. ೧೯೯೧ರ ನಂತರ ಆಮದಿನ ಬಾಗಿಲು ತೆರೆಯಿತು. ಕಡಲತೀರದ ತೂತುಕುಡಿ, ದಹೇಜ್‌ಗಳಲ್ಲಿ ವಿದೇಶದ ಅದಿರುಪುಡಿಯನ್ನೇ ತರಿಸಿ ಕರಗಿಸುವ ಭಾರಿ ಕುಲುಮೆಗಳು ೧೯೯೦ರ ದಶಕದಲ್ಲಿ ಎದ್ದವು. ಇಂಗಳದಾಳದ ತೆಳು ಎಳೆಗಳಿಗೆ ಆ ಪೈಪೋಟಿಯಲ್ಲಿ ಜಾಗವಿರಲಿಲ್ಲ. ತಾಮ್ರದ ಕೆಲಸ ನಿಂತಿತು. ಗಿರಣಿಯಲ್ಲಿ ಒಂದಷ್ಟು ಕಾಲ ಶಿರಾ ತಾಲೂಕಿನ ಅಜ್ಜನಹಳ್ಳಿಯ ಚಿನ್ನದ ಅದಿರನ್ನು ಅರೆದರು.

ಎರಡು ಸಾವಿರ ವರ್ಷ ಹಿಂದಿನವನೋ ಇನ್ನೂರು ವರ್ಷ ಹಿಂದಿನವನೋ ಆದ ಆ ಹಳೆಯ ಗಣಿಗಾರನು ಸೋತದ್ದೂ, ಡ್ರಿಲ್ಲು ಡೈನಮೈಟುಗಳ ಗಣಿ ಸೋತದ್ದೂ ಹಡಗಿನಲ್ಲಿ ಬಂದ ತಾಮ್ರಕ್ಕೇ ಎಂಬುದನ್ನು ಯೋಚಿಸಿದರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ. ಹಾಗೆಂದು ನಷ್ಟದ ಗಣಿಯನ್ನು ಎಂದೆಂದಿಗೂ ನಡೆಸಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ಗಣಿ ಎಂದರೆ ಲಾಭನಷ್ಟದ ಪಟ್ಟಿ ಮಾತ್ರವಲ್ಲ. ಬಯಲುಸೀಮೆಯ ಹಳ್ಳಿಗೆ ಮಳೆಯನ್ನು ನಂಬದ ಸಂಬಳ ಎಂಬುದೊಂದು ಬಂದಿತ್ತು. ಅದು ನಿಂತಾಗ ಬಸ್ಸು ಹತ್ತಬೇಕಾದವರು ಹತ್ತಿರುತ್ತಾರೆ. ಯಾಕೆ ಊರು ಬಿಟ್ಟಿರಿ ಎಂದು ನಮ್ಮನ್ನು ಕೇಳಿದರೆ ನಾವೆಲ್ಲ ಬರ, ಬಡತನ, ಓದು ಎಂದು ಉತ್ತರ ಕೊಡುತ್ತೇವೆ. ಒಂದು ಖನಿಜದ ಎಳೆ ತೆಳುವಾದದ್ದೂ ಒಂದು ಕಾರಣವಾಗಬಲ್ಲದು.

ಗಿರಣಿ ಉಳಿಸಿಹೋದ ಮಜ್ಜಿಗೆಯ ಮಾತೂ ಇದೆ. ಅರೆದು ಬಿಟ್ಟ ಕಲ್ಲುಪುಡಿಯಲ್ಲಿ ಗಂಧಕದ ಖನಿಜ ಪೂರ್ತಿ ಹೋಗಿರುವುದಿಲ್ಲ. ಗಾಳಿ ನೀರು ತಾಗಿದಂತೆ ಅದು ಆಮ್ಲವಾಗಿ, ಅಳಿದುಳಿದ ಲೋಹವನ್ನು ಕರಗಿಸಿಕೊಂಡು ಇಳಿಜಾರಿಗೆ ಹರಿಯುತ್ತದೆ. ಇಂಗಳದಾಳದ ಇಂಥ ರಾಶಿಯ ಮೇಲೂ ಸುತ್ತಲ ಮಣ್ಣು ನೀರಿನ ಮೇಲೂ ಅಭ್ಯಾಸಗಳು ನಡೆದಿವೆ. ತಾಮ್ರ ತೆಗೆಯುವಾಗ ಎಷ್ಟು ಜನ ಇಂಜಿನಿಯರು ಬೇಕಾಯಿತೋ ಅಷ್ಟೇ ಜನ ಅದರ ಬೂದಿಯನ್ನು ಕಾಯಲೂ ಬೇಕು. ಆದರೆ ಮುಚ್ಚಿದ ಗಣಿಯ ಕಡೆಗೆ ಯಾವ ಮಂತ್ರಿಯ ಕಾರೂ ತಿರುಗುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಒಂದೊಂದರ ಹೊಟ್ಟೆಯೊಳಗೂ ಸುರುಳಿ ಸುರುಳಿ ತಾಮ್ರದ ತಂತಿ. ಪನವೇಲಿನ ದಾರಿಯ ತಳೋಜಾದಲ್ಲಿ ಹಿಂದೂಸ್ತಾನ್ ಕಾಪರ್ ೧೯೮೯ರಲ್ಲಿ ತಾಮ್ರದ ಸರಳು ಎಳೆಯುವ ಕಾರಖಾನೆ ಹಾಕಿತು. ನಮ್ಮ ಸಂಘದ ಎಷ್ಟೋ ಸದಸ್ಯರು ಅದರ ಗೇಟಿನ ಮುಂದೆ ಹಾದುಹೋಗಿರಬಹುದು.

ಹುಡುಗ ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗಿದ್ದ. ತಿರುಗಿ ಬಂದವನು ಈ ಸಲ ಎರಡು ಕಲ್ಲು ತಂದಿದ್ದಾನೆ. ಒಂದು ಮರಡಿಹಳ್ಳಿಯ ದಾರಿಯಲ್ಲಿ ಬಿದ್ದಿದ್ದ ಸಾಮಾನ್ಯ ಹಸಿರುಗಪ್ಪು ಚೂರು; ಸ್ಮಾರಕದ ಕಲ್ಲನ್ನು ಮುಟ್ಟಿಲ್ಲ ಎಂದು ತಾನಾಗಿಯೇ ಹೇಳಿದ. ಇನ್ನೊಂದು ಅವನ ಅಜ್ಜನ ಸ್ನೇಹಿತರೊಬ್ಬರು ಬಹಳ ವರ್ಷಗಳಿಂದ ಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದದ್ದು, ಮುಷ್ಟಿಯಷ್ಟು ಗಾತ್ರದ್ದು. ಬೆಣಚಿನ ಬಿಳಿಪಿನ ನಡುವೆ ಹಿತ್ತಾಳೆಯ ಹೊಳಪು, ಒಂದು ಅಂಚಿನಲ್ಲಿ ಹಸಿರು ಪಾಚಿಯಂಥ ಕಲೆ. ಚೂರಿ ತಗುಲಿಸಿದೆ. ಈ ಸಲ ಗೆರೆ ಬಿತ್ತು. ಎರಡನ್ನೂ ವಾಚನಾಲಯದ ಗಾಜಿನ ಬೀರುವಿನಲ್ಲಿ ಇಟ್ಟಿದ್ದೇವೆ, ಮಾಲಾಡಿನ ಹಸಿರು ಕಲ್ಲಿನ ಪಕ್ಕದಲ್ಲಿ. ಸಂಜೆ ಆರರ ಮೇಲೆ ಬಂದವರು ನೋಡಬಹುದು.